ಗಾರೆ ನೆಲದ ನಾಲ್ಕು ಗುಂಡಿ

ಮಹದೇವು ಹೆಂಡತಿಯ ಮಾತು ಕೇಳುವ ಆಸಾಮಿಯೇ ಅಲ್ಲ. ಬಸ್ ಕಂಪನಿಯ ಫಿಟ್ಟರ್ ಕೆಲಸ ಬಿಡಬೇಡಿ ಎಂದು ಪುಟ್ಟತಾಯಮ್ಮ ಹೇಳಿದಳು. ಬಿಟ್ಟ. ಮಂಡಿ ಮೊಹಲ್ಲಾದ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಕಾರು ರಿಪೇರಿ ಇಡಬೇಡಿ ಎಂದಳು. ಇಟ್ಟ. ಬೀಡಿ ಕಮ್ಮಿ ಮಾಡಿ ಎಂದಳು. ದಿನಕ್ಕೆ ಎರಡಿದ್ದ ಕಟ್ಟು ಮೂರಾಯಿತು.

ಕೆಲಸದಲ್ಲಿ ಮಾತ್ರ ಅವನನ್ನು ಅನ್ನುವಂತಿರಲಿಲ್ಲ. ಇಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಆದರೆ ಆ ಇಂಜಿನ್ನನ್ನು ಕಾರಿನ ಹೊಟ್ಟೆಯಿಂದ ಮೇಲೆತ್ತಲು ಅವನ ಹತ್ತಿರ ಏನೂ ಇರಲಿಲ್ಲ. ಎತ್ತುವ ಸಾಮಾನು ಇದ್ದದ್ದು ಬೀದಿಯ ಕೊನೆಯ ಬೆಲ್ಲದ ಮಂಡಿಯಲ್ಲಿ, ಸಾಹುಕಾರ ವೃಷಭೇಂದ್ರಪ್ಪನವರ ಬಳಿ. ಬೆಲ್ಲದ ಮೂಟೆ ತೂಗುವ ದೊಡ್ಡ ತಕ್ಕಡಿಯನ್ನು ನೇತುಹಾಕಲು ಅವರಲ್ಲಿ ಮರದ ಮುಕ್ಕಾಲಿ ಒಂದಿತ್ತು. ಮೂರು ತೇಗದ ಕಂಬ, ನೆತ್ತಿಯಲ್ಲಿ ಕಬ್ಬಿಣದ ಬಳೆ. ತಕ್ಕಡಿ ಬಿಚ್ಚಿ ಹಗ್ಗ, ರಾಟೆ ಕಟ್ಟಿದರೆ ಇಂಜಿನ್ ಏಳುತ್ತಿತ್ತು. ಕೊಟ್ಟಿಗೆಯ ಮಣ್ಣು ನೆಲದಲ್ಲಿ ಕಂಬದ ತುದಿ ಕಚ್ಚಿಕೊಂಡು ನಿಲ್ಲುತ್ತಿತ್ತು. ಕೊಡಲು ಸಾಹುಕಾರರಿಗೆ ಬೇಸರವಿಲ್ಲ. ಆದರೆ ಮಂಡಿಗೆ ರಜಾ ಅಮಾವಾಸ್ಯೆ ದಿನ ಮಾತ್ರ.

ಹಾಗಾಗಿ ಒಂದು ಅಮಾವಾಸ್ಯೆಗೆ ಇಂಜಿನ್ ಇಳಿಸಿದರೆ ಮತ್ತೆ ಕೂರಿಸುವುದು ಮುಂದಿನ ಅಮಾವಾಸ್ಯೆಗೆ. ಮೂರು ದಿನದ ಕೆಲಸಕ್ಕೆ ಒಂದು ತಿಂಗಳು.

ಲಕ್ಷ್ಮೀಪುರಂನ ಶಾಮಣ್ಣನವರ ಕಾರು ಹೀಗೇ ನಿಂತಿತ್ತು. ಅವರು ಕೊಡೆ ಊರಿಕೊಂಡು ಬಂದರು.

"ಏನಯ್ಯಾ ಮಹದೇವು, ನೀನು ಕಾರು ರಿಪೇರಿ ಮಾಡ್ತೀಯೋ, ಹಿರಿಯರಿಗೆ ಎಡೆ ಇಡ್ತೀಯೋ? ಬಂದಾಗಲೆಲ್ಲ ಅಮಾವಾಸ್ಯೆ ಅಂತೀಯಲ್ಲ!"

"ಮುಕ್ಕಾಲಿ ಸಿಕ್ಕೋದು ಅವತ್ತೇ, ಸ್ವಾಮಿ."

"ನಮ್ಮ ಮಗಳು ಶಾರದನ ಮದುವೆ ಮುಹೂರ್ತ ನಿನ್ನ ಅಮಾವಾಸ್ಯೆಗೆ ಕಾಯೋಲ್ಲ ಕಣಯ್ಯ."

ಮಾರನೆಯ ದಿನ ಎತ್ತಿನ ಗಾಡಿ ಕಳಿಸಿದರು. ಆರು ಜನ ಹಮಾಲರು ಏದುಸಿರು ಬಿಡುತ್ತ ಇಂಜಿನ್ನನ್ನು ಗಾಡಿಗೆ ಹೇರಿದರು. ಕಾರನ್ನು ಹಿಂದಕ್ಕೆ ಹಗ್ಗದಲ್ಲಿ ಕಟ್ಟಿದರು. ಮುಂದೆ ಎತ್ತು, ನಡುವೆ ಇಂಜಿನ್, ಹಿಂದೆ ಕಾರು. ಮೆರವಣಿಗೆ ಬೇರೆ ಗ್ಯಾರೇಜಿಗೆ ಹೋಯಿತು. ಬೀದಿಯವರೆಲ್ಲ ಜಗುಲಿಗೆ ಬಂದು ನಕ್ಕರು.

ಅವತ್ತು ಮಹದೇವು ಉಣ್ಣಲಿಲ್ಲ. ತಟ್ಟೆಯನ್ನು ಅತ್ತ ಸರಿಸಿದ.

"ಸ್ವಂತ ಮುಕ್ಕಾಲಿ ಮಾಡ್ತೀನಿ ಕಣೇ. ಬುಧವಾರ ಎತ್ತಬೇಕು ಅಂದ್ರೆ ಬುಧವಾರ ಎತ್ತಬೇಕು. ಪಂಚಾಂಗ ನೋಡ್ಕಂಡು ಗ್ಯಾರೇಜ್ ನಡೆಸಕ್ಕಾಯ್ತದಾ?"

"ಮೊದ್ಲು ಉಣ್ಣಿ," ಎಂದಳು. ಅದನ್ನೂ ಕೇಳಲಿಲ್ಲ.

ಒಂದೂವರೆ ವರ್ಷ ಹಿಡಿಯಿತು. ಗುಜರಿಯಲ್ಲಿ ಹಳೆಯ ನೀರಿನ ಪೈಪು ಸಿಕ್ಕಿತು, ಒಂದು ಸೊಟ್ಟ. ಅದನ್ನು ನೆಟ್ಟಗೆ ಮಾಡಲು ಒಂದು ತಿಂಗಳು. ನೆತ್ತಿಯ ಬಳೆಯನ್ನು ಕಮ್ಮಾರ ಎರಡು ಸಲ ಓರೆ ಮಾಡಿ ತಂದ. ಮಿಲಿಟರಿಯವರು ಹರಾಜು ಹಾಕಿದ ಚೈನ್ ಬ್ಲಾಕು, ಅಂದರೆ ಸರಪಳಿ ಎಳೆದರೆ ಭಾರ ಎತ್ತುವ ರಾಟೆ, ಬೆಂಗಳೂರಿನಿಂದ ರೈಲಿನಲ್ಲಿ ಬಂತು. ಬಿಚ್ಚಿದರೆ ಒಳಗೆಲ್ಲ ತುಕ್ಕು. ಹದಿನೈದು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಮನೆಯ ಅನ್ನವೂ ಸೀಮೆಎಣ್ಣೆ ನಾರಿತು.

ಈ ನಡುವೆ ಬಿಳಿ ಪಂಚೆಯ ಗಿರಾಕಿಗಳು ಧೂಳಿಗೆ ಮುಖ ಸಿಂಡರಿಸುತ್ತಾರೆಂದು ಕೊಟ್ಟಿಗೆಗೆ ಗಾರೆ ಹಾಕಿಸಿದ. ಮನೆಗೆ ಸಗಣಿ ನೆಲ, ಕಾರಿಗೆ ಗಾರೆ ನೆಲ! ಪುಟ್ಟತಾಯಮ್ಮ ಹುಟ್ಟಿದ ಮನೆಯಲ್ಲೂ ಗಾರೆ ಕಂಡವಳಲ್ಲ. ಬೈಯುತ್ತಲೇ ಉಜ್ಜಲು ಕುಳಿತಳು. ಹೊಳೆಯ ಉರುಟು ಕಲ್ಲು ಹಿಡಿದು ದಿನವೂ ಉಜ್ಜಿದಳು. ಅಂಗೈ ಬೊಬ್ಬೆ ಬಂತು. ಕೊನೆಗೆ ನೆಲ ಕನ್ನಡಿಯಾಯಿತು. ಮಧ್ಯಾಹ್ನ ಕಾರಿಲ್ಲದ ಹೊತ್ತಲ್ಲಿ ಅಲ್ಲೇ ಕೆನ್ನೆಯಿಟ್ಟು ಮಲಗುತ್ತಿದ್ದಳು. ತಣ್ಣಗಿರುತ್ತಿತ್ತು.

ಮುಕ್ಕಾಲಿ ನಿಂತಿತು. ಮೊದಲ ಕಾರು ನಂಜಯ್ಯನದು. ಅವನಿಗೆ ಆ ಬಾಡಿಗೆ ಕಾರೇ ಅನ್ನ. ಮಹದೇವು ಸರಪಳಿ ಎಳೆದ. ಇಂಜಿನ್ ಒಂದು ಗೇಣು ಎದ್ದಿತು. ಅಷ್ಟರಲ್ಲಿ ಮೂರು ಕಾಲೂ ಗಾರೆಯ ಮೇಲೆ ಜರ್ರನೆ ಜಾರಿದವು. ಇಂಜಿನ್ ದಡ್ ಎಂದು ಇದ್ದಲ್ಲಿಗೇ ಕುಸಿಯಿತು.

"ಅಣ್ಣೋ, ನಿನ್ ಮುಕ್ಕಾಲಿ ಸಾಷ್ಟಾಂಗ ಹಾಕ್ತಲ್ಲಪ್ಪೋ!" ಎಂದ ನಂಜಯ್ಯ.

ಮಹದೇವು ಕಾಲುಗಳಡಿ ಗೋಣಿಚೀಲ ಹಾಸಿದ. ಜಾರಿತು. ಮೂರು ಕಾಲನ್ನೂ ಬುಡದಲ್ಲಿ ಸರಪಳಿಯಿಂದ ಬಿಗಿದ. ನಿಂತಿತು. ಆದರೆ ಇಂಜಿನ್ ಎದ್ದ ಮೇಲೆ ಕಾರನ್ನು ಹಿಂದಕ್ಕೆ ತಳ್ಳಬೇಕಲ್ಲ? ಚಕ್ರ ಆ ಸರಪಳಿ ಹತ್ತಿದ ಕೂಡಲೇ ಕಾಲುಗಳು ಒಳಕ್ಕೆ ಎಳೆದುಕೊಂಡವು. ಇಂಜಿನ್ನನ್ನು ಮತ್ತೆ ಕಾರಿನೊಳಕ್ಕೇ ಇಳಿಸಬೇಕಾಯಿತು.

ಮಹದೇವು ಬೀಡಿ ಹಚ್ಚಿ ನೆಲವನ್ನೇ ನೋಡಿದ.

"ಮೂರು ಗುಂಡಿ ಒಡೆದ್ರೆ ಕಾಲು ಕೂತ್ಕತವೆ," ಎಂದ.

"ಗುಂಡಿಯಾ? ನನ್ನ ಕೈ ನೋಡಿ ಇಲ್ಲಿ. ಹಾರೆ ಮುಟ್ಟಿದ್ರೆ ನೆಟ್ಟಗಾಗಲ್ಲ."

"ಮೂರೇ ಕಣೇ. ತೆಂಗಿನಕಾಯಿ ಗಾತ್ರ."

"ಕಡಲೆಕಾಯಿ ಗಾತ್ರವೂ ಬ್ಯಾಡ. ಹೋಗಿ, ನಿಮ್ಮ ಅಮಾವಾಸ್ಯೆ ಐತಲ್ಲ, ಅದನ್ನೇ ಕೇಳ್ಕಳಿ."

ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದಳು. ಅವನು ಜಗಳವಾಡಲಿಲ್ಲ. "ಆಯ್ತು ಬುಡು," ಎಂದ. ಪೈಪುಗಳನ್ನು ಮಡಿಸಿ ಮೂಲೆಗೆ ಒರಗಿಸಿದ.

ಹತ್ತು ದಿನ ಕಳೆಯಿತು. ಅಮಾವಾಸ್ಯೆಗೆ ಇನ್ನು ಐದು ದಿನ. ಅವತ್ತು ಬೆಳಿಗ್ಗೆ ಮಂಡಿಗೆ ಹೋಗಿ ಮರದ ಮುಕ್ಕಾಲಿ ಬೇಕೆಂದು ಸಾಹುಕಾರರಿಗೆ ಹೇಳಿ ಬಂದ. ಪೈಪಿನ ಟೊಳ್ಳು ಕಾಲು ಭಾರಕ್ಕೆ ಮಣ್ಣಲ್ಲಿ ಹೂತುಹೋಗುತ್ತದೆ, ಮರದ್ದನ್ನು ಹೇಗಾದರೂ ಹೊರಗೆ ಮಣ್ಣು ನೆಲದಲ್ಲಿ ನಿಲ್ಲಿಸುತ್ತೇನೆ ಎಂದು ಹೆಂಡತಿಗೆ ಹೇಳಿದ. ಜಗುಲಿಯ ಮೇಲೆ ಕುಳಿತ. ನೀರು ಕೇಳಿದ. ಅವಳು ಚೊಂಬು ತರುವಷ್ಟರಲ್ಲಿ ಎದೆ ಹಿಡಿದುಕೊಂಡು ಒಂದು ಪಕ್ಕಕ್ಕೆ ವಾಲಿದ್ದ. ಅಷ್ಟೇ.

ತಿಥಿ ಮುಗಿದ ಮೇಲೆ ನಂಜಯ್ಯ ಬಾಗಿಲಲ್ಲಿ ನಿಂತ. ಜೊತೆಗೆ ಬಸ್ ಕಂಪನಿಯ ಫಿಟ್ಟರ್ ಒಬ್ಬ.

"ಅಕ್ಕ, ಬಯ್ಕಬ್ಯಾಡ. ಸೂತಕದಲ್ಲೇ ಅಮಾವಾಸ್ಯೆ ಕಳೆದೋಯ್ತು. ಸಾವ್ಕಾರ್ರು ಮುಂದಿನ ಅಮಾವಾಸ್ಯೆಗೆ ಕೊಡ್ತೀನಿ ಅಂದವ್ರೆ. ಅಲ್ಲೀಗಂಟ ಕಾರು ಇಲ್ಲೇ ಇರ್ಲಿ."

"ಇವತ್ತು ಯಾವ ವಾರ?"

"ಬುಧವಾರ ಕಣಕ್ಕ."

ಪುಟ್ಟತಾಯಮ್ಮ ಒಳಗೆ ಹೋಗಿ ಹಾರೆ ತಂದಳು. ನಂಜಯ್ಯ ಕೈ ಚಾಚಿದ. ಕೊಡಲಿಲ್ಲ. ಮೊದಲ ಏಟಿಗೆ ಗಾರೆ ಬಿರುಕು ಬಿಡಲೂ ಇಲ್ಲ. ಅಷ್ಟು ಗಟ್ಟಿ ಮಾಡಿಟ್ಟವಳು ಅವಳೇ. ಏಟಿನ ಮೇಲೆ ಏಟು ಹಾಕಿದಳು. ಚೂರುಗಳು ಸಿಡಿದವು. ಒಂದು ಗುಂಡಿಯಾಯಿತು, ಎರಡಾಯಿತು, ಮೂರಾಯಿತು. ಮುಕ್ಕಾಲಿ ಬಿಡಿಸಿ ನಿಲ್ಲಿಸಿದರೆ ಮೂರನೆಯ ಕಾಲು ಗುಂಡಿಯ ಆಚೆ ನಿಂತಿತು.

"ಒಂದು ಗೇಣು ಒಳಕ್ಕಾಯ್ತಲ್ಲಕ್ಕ," ಎಂದ ನಂಜಯ್ಯ ಮೆಲ್ಲಗೆ.

ಹಾರೆ ಬಿಸಾಡಿ ಅಲ್ಲೇ ಕುಳಿತಳು. ಸಾವಿನ ದಿನ ಬಾರದ ಅಳು ಆಗ ಬಂತು. ಮೂಲೆಯಲ್ಲಿ ಗೂಟಕ್ಕೆ ತೂಗುಬಿಟ್ಟಿದ್ದ ಮಹದೇವುವಿನ ಎಣ್ಣೆ ಜಿಡ್ಡಿನ ಅಂಗಿಯತ್ತ ಕೈ ಮಾಡಿ ಕೂಗಿದಳು.

"ಹುಟ್ಟಿದಾಗಿನಿಂದ ಯಾರ ಮಾತೂ ಕೇಳದೋರು, ಇದೊಂದ ಯಾಕ್ ಕೇಳಿದ್ರಿ? ಒಡೆದು ಬುಡೋದಲ್ವಾ? ನಾನು ಬಾಯಿ ಮಾಡ್ತಿದ್ದೆ, ಆಮೇಕೆ ಸುಮ್ನಾಯ್ತಿದ್ದೆ!"

ಅವಳು ಮೂಗು ಒರೆಸಿಕೊಂಡು ಎದ್ದಳು. ನಾಲ್ಕನೆಯ ಗುಂಡಿ ಒಡೆದಳು.

ಗಾರೆಯಡಿಯ ಜಲ್ಲಿಯ ಮೇಲೆ ಕಾಲುಗಳು ಕೂತವು. ಫಿಟ್ಟರ್ ಸರಪಳಿ ಎಳೆದ. ಇಂಜಿನ್ ಗೇಣು ಎದ್ದಿತು, ಮೊಳ ಎದ್ದಿತು. ಪೈಪು ಕೂದಲೆಳೆಯಷ್ಟೂ ಕದಲಲಿಲ್ಲ. ನಂಜಯ್ಯ ಕಾರನ್ನು ಹಿಂದಕ್ಕೆ ತಳ್ಳಿದ. ಇಂಜಿನ್ ಒಂಟಿಯಾಗಿ ಗಾಳಿಯಲ್ಲಿ ತೂಗಿತು.

"ಇದ ನೋಡಾಕೆ ಅಣ್ಣ ಇರ್ಬೇಕಿತ್ತು," ಎಂದ.

"ಅವ್ರಿದ್ದಿದ್ರೆ ಅಮಾವಾಸ್ಯೆಗೆ ಕಾಯ್ತಿದ್ರು," ಎಂದಳು ಪುಟ್ಟತಾಯಮ್ಮ. ಪೊರಕೆ ತೆಗೆದುಕೊಂಡು ಗಾರೆ ಚೂರು ಗುಡಿಸತೊಡಗಿದಳು.