ಕಟ್ಟಡದ ಬೆನ್ನು ಕಂಡ ಭಾನುವಾರ

ಶನಿವಾರ ಬೆಳಿಗ್ಗೆ ಎಂಟೂವರೆಗೆ ವರ್ತಕ ನಗರದಿಂದ ಶೇರ್ ರಿಕ್ಷಾ ಹಿಡಿದು ಠಾಣೆ ಸ್ಟೇಷನ್ನಿಗೆ ಹೊರಟೆ. ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಅಣ್ಣನ ಮನೆಗೆಂದು ಕಟ್ಟಿಸಿಕೊಂಡ ಅರ್ಧ ಕಿಲೋ ಸೋನ್‌ಪಾಪಡಿ. ಎರಡು ದಿನದ ಪ್ರಯಾಣ. ವಾಶಿಗೆ ಹೋಗಿ ಡ್ರೋನ್ ಕೊಳ್ಳುವುದು, ಕಲ್ಯಾಣಿನ ಬಯಲಿನಲ್ಲಿ ಹಾರಿಸಿ ಕಲಿಯುವುದು, ರಾತ್ರಿ ಡೊಂಬಿವಲಿಯ ಅಣ್ಣನ ಮನೆಯಲ್ಲಿ ತಂಗುವುದು, ಭಾನುವಾರ ಸಂಜೆ ವಾಪಸು. ನನಗೆ ಐವತ್ತೊಂದು ವರ್ಷ. ಒಬ್ಬಳೇ ಇರುವವಳು. ವಿಮಾ ಕಚೇರಿಯೊಂದರಲ್ಲಿ ಕ್ಲೇಮ್ ಫೈಲುಗಳನ್ನು ನೋಡುವ ಕೆಲಸ. ಕಳೆದ ಮಳೆಗಾಲದಲ್ಲಿ ಆಫೀಸಿನವರೆಲ್ಲ ಒಂದು ಕೋಟೆಗೆ ಹೋಗಿದ್ದಾಗ ಸಹೋದ್ಯೋಗಿಯೊಬ್ಬರು ಡ್ರೋನ್ ಹಾರಿಸಿ, ಹಸಿರಿನ ನಡುವೆ ಕೆಂಪು ಚುಕ್ಕಿಯಂತೆ ನಿಂತಿದ್ದ ನನ್ನನ್ನೇ ನನಗೆ ತೋರಿಸಿದರು. ಅಂದಿನಿಂದ ಹಿಡಿದ ಹುಚ್ಚು ಇದು.

ಠಾಣೆಯಿಂದ ವಾಶಿಗೆ ಲೋಕಲ್ ರೈಲಿನಲ್ಲಿ ಹತ್ತು ರೂಪಾಯಿ, ಅರ್ಧ ಗಂಟೆ. ಶನಿವಾರವಾದ್ದರಿಂದ ಮಹಿಳೆಯರ ಡಬ್ಬಿಯಲ್ಲಿ ಕಿಟಕಿ ಪಕ್ಕವೇ ಜಾಗ ಸಿಕ್ಕಿತು. ಡಿಸೆಂಬರಿನ ತಂಪು ಗಾಳಿಯಿತ್ತು, ಆದರೆ ಗಾಳಿಯ ತುಂಬ ಧೂಳು. ದೂರದ ಗುಡ್ಡಗಳು ಮಸುಕಾಗಿ ಕಾಣುತ್ತಿದ್ದವು.

ಅಂಗಡಿಯಲ್ಲಿ ಮೊದಲ ಆಘಾತ ಕಾದಿತ್ತು. ಆರು ಸಾವಿರಕ್ಕೆ ಮುಗಿದೀತು ಎಂದು ನಾನು ಅಂದುಕೊಂಡಿದ್ದೆ. "ಅದು ಆಟಿಕೆ ಮ್ಯಾಡಮ್," ಎಂದು ಅಂಗಡಿಯವನು ಹಿಂದಿಯಲ್ಲಿ ಹೇಳಿ ನಕ್ಕ. "ಗಾಳಿ ಬಂದ್ರೆ ಹಾರಿ ಹೋಗುತ್ತೆ. ಕ್ಯಾಮೆರಾ ನೆಟ್ಟಗೆ ನಿಲ್ಲಬೇಕಾದ್ರೆ ಇದು ತಗೊಳ್ಳಿ." ಮೂವತ್ತೆಂಟು ಸಾವಿರ. ಹದಿನೈದು ನಿಮಿಷ ಹೊರಗೆ ಹೋಗಿ ಕಬ್ಬಿನ ರಸ ಕುಡಿದು, ಮತ್ತೆ ಒಳಗೆ ಬಂದು ಕೊಂಡೆ. ಅಂಗೈಯಗಲದ ಬೂದು ಬಣ್ಣದ ಯಂತ್ರ. ನಾಲ್ಕು ಕೈಗಳನ್ನು ಮಡಚಿದರೆ ಕನ್ನಡಕದ ಡಬ್ಬಿಯಷ್ಟಾಗುತ್ತದೆ. ತೂಕ ಇನ್ನೂರೈವತ್ತು ಗ್ರಾಮಿಗಿಂತ ಒಂದು ಗ್ರಾಮು ಕಡಿಮೆ. ಹವ್ಯಾಸಕ್ಕೆ ಹಾರಿಸುವವರಿಗೆ ಈ ತೂಕದವರೆಗೆ ಲೈಸೆನ್ಸ್ ಬೇಡವಂತೆ.

"ಎಲ್ಲಿ ಹಾರಿಸ್ತೀರಿ?" ಎಂದು ಕೇಳಿದ. ಕಳಂಬೋಲಿಯಲ್ಲಿ ಪರಿಚಯದವರಿದ್ದಾರೆ, ಅಲ್ಲಿಯೂ ಒಮ್ಮೆ ಹಾರಿಸಬೇಕು ಎಂದೆ. ಅವನು ಗಾಬರಿಯಾಗಿ ನನ್ನ ಫೋನಿನಲ್ಲಿ ನಕ್ಷೆ ತೆರೆದು ತೋರಿಸಿದ. ಕಳಂಬೋಲಿಯ ಹತ್ತಿರದ ಹೊಸ ವಿಮಾನ ನಿಲ್ದಾಣದ ಸುತ್ತ ಕೆಂಪು ಬಣ್ಣ ಹಬ್ಬಿತ್ತು. ಅಲ್ಲಿ ಅನುಮತಿಯಿಲ್ಲದೆ ಹಾರಿಸಿದರೆ ಪೊಲೀಸರೇ ಮನೆಗೆ ಬರುತ್ತಾರೆ ಎಂದ. ಇಷ್ಟು ವರ್ಷ ಬದುಕಿದ ಊರುಗಳ ಮೇಲಿನ ಆಕಾಶಕ್ಕೂ ಹೀಗೆ ಬೇಲಿ ಹಾಕಿರುವುದು ನನಗೆ ಗೊತ್ತೇ ಇರಲಿಲ್ಲ. ಡೊಂಬಿವಲಿ, ಕಲ್ಯಾಣಿನ ನಾನು ಹೋಗಬೇಕಿದ್ದ ಕಡೆಗಳನ್ನು ಬೆರಳಿಟ್ಟು ನೋಡಿದೆ. ಹಸಿರು ಇತ್ತು.

ಮತ್ತೆ ಠಾಣೆಗೆ ಬಂದು ಕಲ್ಯಾಣ್ ಗಾಡಿ ಹತ್ತಿದೆ. ಅಣ್ಣ ವಾಸುದೇವ ಕಲ್ಯಾಣಿನ ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತಾನೆ. ಉಡುಪಿಯಿಂದ ಬಂದ ಮೇಲೆ ನಲವತ್ತು ವರ್ಷ ಹೋಟೆಲ್ ಲೈನಿನಲ್ಲೇ ಕಳೆದವನು. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಸಿ ಸ್ಟೇಷನ್ನಿಗೆ ಬಂದಿದ್ದ. ಇಬ್ಬರೂ ರಿಕ್ಷಾದಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಡದ ಬಯಲಿಗೆ ಹೋದೆವು. ಅಲ್ಲಿ ನಾಲ್ಕಾರು ಎಮ್ಮೆಗಳನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಇದಕ್ಕೆ ಮೂವತ್ತೆಂಟು ಸಾವಿರವಾ? ನಿನಗೆಂತ ಮಂಡೆ ಸಮ ಇಲ್ವಾ ಶಶಿ?" ಎಂದ ಅಣ್ಣ.

ಡ್ರೋನ್ ಜೇನುಹುಳುಗಳ ಹಿಂಡಿನಂತೆ ಗುಂಯ್ಗುಟ್ಟುತ್ತ ಎದ್ದಿತು. ಕಂಟ್ರೋಲರಿಗೆ ಸಿಕ್ಕಿಸಿದ ಫೋನಿನ ಪರದೆಯಲ್ಲಿ ಖಾಡಿಯ ನೀರು, ಸೇತುವೆ, ಅದರ ಮೇಲಿನ ರೈಲು ಒಂದೊಂದಾಗಿ ಬಂದವು. ಅಣ್ಣ ಬೈಯುವುದನ್ನು ಮರೆತ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಹದ್ದು ಬಂದು ಎರಗಿತು. ಪರದೆಯ ತುಂಬ ರೆಕ್ಕೆ, ಉಗುರು. ನಾನು ಕಿರುಚಿ ಕಂಟ್ರೋಲರಿನ ಪುಟ್ಟ ಕೋಲನ್ನು ಕೆಳಗೆಳೆದೆ. ಡ್ರೋನ್ ಒಣಹುಲ್ಲಿನ ಮೇಲೆ ದೊಪ್ಪನೆ ಕೂತಿತು. ಏನೂ ಮುರಿದಿರಲಿಲ್ಲ. ಅಣ್ಣ ಅದನ್ನು ಪೆಟ್ಟಿಗೆಗೆ ತುಂಬಿಸಿ, "ಸಾಕು. ನಾಳೆ ಬೆಳಿಗ್ಗೆ ನಮ್ಮ ಟೆರೇಸಿಂದ ಹಾರಿಸು," ಎಂದ.

ಅಣ್ಣನ ಮನೆ ಡೊಂಬಿವಲಿ ಪೂರ್ವದಲ್ಲಿ, ನಾಲ್ಕು ಮಾಳಿಗೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ. ಒಟ್ಟು ಹದಿನಾರು ಮನೆಗಳು. ಮೂವತ್ತು ವರ್ಷದ ಹಿಂದೆ ಅವನು ಅತ್ತಿಗೆಯ ಬಳೆ ಮಾರಿ, ಊರಿನ ಆಸ್ತಿಯ ಪಾಲನ್ನು ಹಣಕ್ಕೆ ಬಿಟ್ಟುಕೊಟ್ಟು ಕೊಂಡ ಮನೆ. ಹೋದ ದೀಪಾವಳಿಗೆ ಅಡುಗೆಮನೆಗೆ ಹೊಸ ಗ್ರಾನೈಟ್ ಹಾಕಿಸಿದ್ದರು. ಸರೋಜ ಅತ್ತಿಗೆ ಅದರ ಮೇಲೆ ಕೈಯಾಡಿಸಿ ತೋರಿಸಿದರು. ರಾತ್ರಿಯೂಟಕ್ಕೆ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದರು. ಆ ಮನೆಯೊಳಗಿನ ಮಾತು ಅರ್ಧ ತುಳು, ಅರ್ಧ ಕನ್ನಡ. ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಏಳೂವರೆಗೆ ಅಣ್ಣನೂ ನಾನೂ ಟೆರೇಸಿಗೆ ಹತ್ತಿದೆವು. ಕಟ್ಟಡದ ಸೊಸೈಟಿಯ ಸೆಕ್ರೆಟರಿ ಮ್ಹಾತ್ರೆಯವರಿಗೆ ಹೇಳಿಯೇ ಹೋಗಿದ್ದೆವು. ಗಾಳಿ ಇರಲಿಲ್ಲ. ರೆಕಾರ್ಡಿಂಗ್ ಒತ್ತಿ, ಮೊದಲು ರಸ್ತೆಯ ಕಡೆ ಹಾರಿಸಿದೆ. ಹಾಲಿನ ಅಂಗಡಿ, ಸಾಲಾಗಿ ನಿಂತ ಸ್ಕೂಟರುಗಳು, ವಾಕಿಂಗ್ ಮುಗಿಸಿ ಬರುವವರ ತಲೆಗಳು. ಆಮೇಲೆ ಅಣ್ಣ, "ಹಿಂದಿನ ಕಡೆ ತೋರ್ಸು. ಅಲ್ಲಿ ಎಂತ ಉಂಟು ಅಂತ ನಾನೇ ನೋಡಿಲ್ಲ," ಎಂದ.

ಕಟ್ಟಡದ ಹಿಂಬದಿಗೆ ದಾರಿಯೇ ಇಲ್ಲ. ಗೋಡೆಗೆ ತಾಗಿಯೇ ದೊಡ್ಡ ಕೊಳಚೆ ನಾಲೆ, ಆಚೆಗೆ ಮುಚ್ಚಿದ ಕಾರ್ಖಾನೆಯೊಂದರ ಎತ್ತರದ ಕಾಂಪೌಂಡು, ಅದರೊಳಗೆ ಬೆಳೆದ ಮರಗಳು. ಡ್ರೋನನ್ನು ಪ್ಯಾರಾಪೆಟ್ ದಾಟಿಸಿ, ತಿರುಗಿಸಿ, ಮೆಲ್ಲಗೆ ಇಳಿಸಿದೆ. ಮೂರನೆಯ ಮಾಳಿಗೆಯ ಹಿಂದಿನ ಪುಟ್ಟ ಬಾಲ್ಕನಿ ಪರದೆಗೆ ಬಂತು. ಅತ್ತಿಗೆ ನೀಲಿ ನೈಟಿಯಲ್ಲಿ ನಿಂತು ಅಣ್ಣನ ಅಂಗಿಗಳನ್ನು ಹಗ್ಗಕ್ಕೆ ಹಾಕುತ್ತಿದ್ದರು. ಸದ್ದು ಕೇಳಿ ತಲೆಯೆತ್ತಿ, ನಗುತ್ತ ಕೈಬೀಸಿದರು.

"ನೋಡು, ಹೀರೋಯಿನ್!" ಎಂದು ಅಣ್ಣ ನಕ್ಕ.

ನಾನೂ ನಕ್ಕು ಇನ್ನೊಂದಿಷ್ಟು ಕೆಳಗಿಳಿಸಿದೆ. ಅತ್ತಿಗೆಯ ಪಾದದ ಕೆಳಗಿನ ಸ್ಲ್ಯಾಬ್ ಕಂಡಿತು. ಅದರ ಅಡಿಯ ಸಿಮೆಂಟು ಪೂರ್ತಿ ಉದುರಿಹೋಗಿತ್ತು. ತುಕ್ಕು ತಿಂದ ಸರಳುಗಳು ನೇತಾಡುತ್ತಿದ್ದವು, ಎರಡು ತುಂಡಾಗಿದ್ದವು. ಸ್ಲ್ಯಾಬಿಗೂ ಗೋಡೆಗೂ ನಡುವೆ ಕೈ ತೂರಿಸುವಷ್ಟು ಬಿರುಕು; ಅದರೊಳಗಿಂದ ಅರಳಿ ಬೇರುಗಳು ಹೊರಟಿದ್ದವು. ಪಕ್ಕದ ಕಂಬ ಎರಡನೆಯ ಮಾಳಿಗೆಯ ಹತ್ತಿರ ಒಡೆದು, ಕಬ್ಬಿಣ ಹೊರಗೆ ಬಾಗಿತ್ತು. ಬಿದ್ದ ಗೋಡೆಗಳ ಫೋಟೋಗಳನ್ನು ನಾನು ವರ್ಷಗಟ್ಟಲೆ ಫೈಲುಗಳಲ್ಲಿ ನೋಡಿದ್ದೇನೆ. ಬೀಳುವ ಮುಂಚಿನದನ್ನು ನೋಡಿದ್ದು ಅದೇ ಮೊದಲು.

"ಆ ಗೀಟು ಎಂತದು?" ಎಂದ ಅಣ್ಣ.

ನನ್ನ ಫೋನು ಕಂಟ್ರೋಲರಿನಲ್ಲಿ ಸಿಕ್ಕಿತ್ತು, ಅಣ್ಣನದು ಕೆಳಗೆ ಮನೆಯಲ್ಲಿತ್ತು, ಕರೆ ಮಾಡುವ ಹಾಗಿರಲಿಲ್ಲ. ಪ್ಯಾರಾಪೆಟ್ಟಿಗೆ ಓಡಿ ಬಗ್ಗಿ ಕೂಗಿದೆ. "ಅತ್ತಿಗೆ, ಉಲಾಯಿ ಪೋಲೆ! ಒಳಗೆ ಹೋಗಿ!"

"ಎಂತ? ಕೇಳ್ತಿಲ್ಲ!" ಎಂದು ಅವರು ಇನ್ನೂ ಹೊರಕ್ಕೆ ಬಾಗಿ ಮೇಲೆ ನೋಡಿದರು. ಡ್ರೋನಿನ ಸದ್ದು ಅವರ ಕಿವಿಯ ಹತ್ತಿರವೇ ಇತ್ತು.

ಅಷ್ಟರಲ್ಲಿ ಅಣ್ಣನಿಗೆ ಪರದೆಯಲ್ಲಿದ್ದದ್ದು ಅರ್ಥವಾಗಿತ್ತು. ಮೊಣಕಾಲು ನೋವಿನವನು ಮೆಟ್ಟಿಲುಗಳನ್ನು ಹೇಗೆ ಇಳಿದನೋ ಗೊತ್ತಿಲ್ಲ. ನಾನು ಪರದೆಯನ್ನೇ ನೋಡುತ್ತ ನಿಂತೆ. ಅತ್ತಿಗೆ ಇನ್ನೊಂದು ಅಂಗಿ ಝಾಡಿಸಿದರು. ಕ್ಲಿಪ್ಪು ಹುಡುಕಿದರು. ಆಮೇಲೆ ಬಾಗಿಲಿನಿಂದ ಅಣ್ಣನ ಕೈ ಬಂದು ಅವರ ರಟ್ಟೆ ಹಿಡಿದು ಒಳಗೆಳೆಯಿತು. ಬಾಲ್ಕನಿ ಖಾಲಿಯಾಯಿತು. ಬ್ಯಾಟರಿ ಮುಗಿಯುತ್ತಿದೆಯೆಂದು ಕಂಟ್ರೋಲರ್ ಕೂಗತೊಡಗಿದಾಗಲೇ ನನಗೆ ಎಚ್ಚರವಾದದ್ದು.

ಮ್ಹಾತ್ರೆಯವರು ವಿಡಿಯೋ ನೋಡಿ ಮೊದಲು ಕೈಯಲ್ಲಾಡಿಸಿಬಿಟ್ಟರು. "ಜುನೀ ಬಿಲ್ಡಿಂಗ್ ಆಹೇ ಮ್ಯಾಡಮ್, ಎವಢಂ ತರ್ ಚಾಲತಂಚ್." ಹಳೇ ಕಟ್ಟಡ, ಇಷ್ಟೆಲ್ಲ ಇದ್ದದ್ದೇ ಎಂದು. ನಾನು ಇನ್ನೊಮ್ಮೆ ಹಾಕಿ ಒಡೆದ ಕಂಬದ ಹತ್ತಿರ ನಿಲ್ಲಿಸಿದೆ. ಅವರ ಮನೆ ಎರಡನೆಯ ಮಾಳಿಗೆಯಲ್ಲಿ. ಆ ಕಂಬಕ್ಕೆ ಒರಗಿಸಿಯೇ ಅವರ ದೇವರ ಮಂಟಪ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು. "ಒಳಗಿಂದ ಟೈಲ್ಸ್ ಹಾಕಿದ್ದೀವಿ," ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. "ಕಾಣೋದಿಲ್ಲ."

ಒಂಬತ್ತಕ್ಕೆ ಹದಿನಾರು ಮನೆಯವರೂ ಕೆಳಗೆ ಸೇರಿದರು. ಫೋನು ಕೈಯಿಂದ ಕೈಗೆ ಹೋಯಿತು. ಯಾರೂ ಗಲಾಟೆ ಮಾಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಕಿಟಕಿ ಯಾವುದೆಂದು ಪರದೆಯಲ್ಲಿ ಹುಡುಕಿ, ಸಿಕ್ಕಿದ ಮೇಲೆ ಫೋನನ್ನು ಪಕ್ಕದವರಿಗೆ ದಾಟಿಸುತ್ತಿದ್ದರು. ಮ್ಹಾತ್ರೆಯವರೇ ಮಹಾನಗರಪಾಲಿಕೆಗೆ ಫೋನ್ ಮಾಡಿದರು. ಹನ್ನೊಂದೂವರೆಗೆ ಒಬ್ಬ ಇಂಜಿನಿಯರ್ ಇಬ್ಬರು ಸಿಬ್ಬಂದಿಯೊಂದಿಗೆ ಬಂದರು. ಕಾರ್ಖಾನೆಯ ಬೀಗ ತೆಗೆಸಿ ಹಿಂದಿನಿಂದ ನೋಡಿ ಹತ್ತು ನಿಮಿಷದಲ್ಲಿ ವಾಪಸು ಬಂದರು. ಇವತ್ತೇ, ಸಂಜೆ ನಾಲ್ಕರೊಳಗೆ ಎಲ್ಲರೂ ಹೊರಗೆ ಬರಬೇಕು ಎಂದರು. ಕಾಗದ, ಒಡವೆ, ಔಷಧ, ಬಟ್ಟೆ ಮಾತ್ರ. ಕರೆಂಟಿನ ಮೇನ್ ಸ್ವಿಚ್ ಆರಿಸಿ ಬನ್ನಿ. ಹಿಂದಿನ ಕೋಣೆಗೆ ಯಾರೂ ಕಾಲಿಡಬೇಡಿ.

ಒಂದು ಸಂಸಾರವನ್ನು ನಾಲ್ಕು ತಾಸಿನಲ್ಲಿ ಗಂಟು ಕಟ್ಟುವುದು ಹೇಗೆ ಎಂದು ಅಂದು ನೋಡಿದೆ. ಅತ್ತಿಗೆ ಎರಡು ಸೂಟ್‌ಕೇಸು ತುಂಬಿದರು. ಊಟದ ಮೇಜಿನ ಮೇಲಿದ್ದ ಮಿಕ್ಸಿ ಎತ್ತಿದರು, ಇಟ್ಟರು, ಮತ್ತೆ ಎತ್ತಿದರು. ಅಡುಗೆಮನೆ ಹಿಂಬದಿಯದೇ ಆದ್ದರಿಂದ ಹೊಸ್ತಿಲಲ್ಲಿ ನಿಂತೇ ಉಪ್ಪಿನಕಾಯಿ ಭರಣಿಯನ್ನು ನೋಡಿದರು, ಒಳಗೆ ಹೋಗಲಿಲ್ಲ. ಅಣ್ಣ ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತೇ ಇದ್ದ. ಮೂರೂವರೆಗೆ ನಾನೇ ಕೈಹಿಡಿದು ಎಬ್ಬಿಸಿದೆ.

ಎಲ್ಲರೂ ರಸ್ತೆಯಾಚೆ ಸಾಮಾನುಗಳ ನಡುವೆ ನಿಂತಿದ್ದೆವು. ಐದಾಗುತ್ತ ಬಂದಿತ್ತು. ಯಾರೋ ಚಹಾ ತರಿಸಿದ್ದರು. ಆಗ ಕಟ್ಟಡದ ಹಿಂದಿನಿಂದ ಲಾರಿಯಿಂದ ಜಲ್ಲಿ ಸುರಿದಂತೆ ಸದ್ದಾಯಿತು. ಒಂದು ಕ್ಷಣ ಬಿಟ್ಟು ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ. ಟೆರೇಸಿನ ಮೇಲೆ ಧೂಳು ಎದ್ದು ನಿಂತಿತು. ರಸ್ತೆಯ ಕಡೆಯ ಗೋಡೆ ಮಾತ್ರ ಹಾಗೆಯೇ ಇತ್ತು, ಬಣ್ಣವೂ ಮಾಸಿರಲಿಲ್ಲ. ಸಿಬ್ಬಂದಿ ಓಡಿ ಹೋಗಿ ನೋಡಿ ಬಂದು ಹೇಳಿದರು: ಮೂರನೆಯ ಮಾಳಿಗೆಯ ಬಾಲ್ಕನಿ ಎರಡನೆಯದರ ಮೇಲೆ ಬಿದ್ದು, ಎರಡೂ ಕೂಡಿ ನಾಲೆಗೆ ಹೋಗಿವೆ. ಯಾರಿಗೂ ಏನೂ ಆಗಿಲ್ಲ.

ಮ್ಹಾತ್ರೆಯವರು ರಸ್ತೆಯ ಅಂಚಿನಲ್ಲೇ ಕುಳಿತುಬಿಟ್ಟರು. ನಾಲ್ಕನೆಯ ಮಾಳಿಗೆಯ ಹೆಂಗಸೊಬ್ಬಳು ಬಂದು ನನ್ನ ಎರಡೂ ಕೈ ಹಿಡಿದು ಅತ್ತಳು. ಆಕೆಯ ಗಂಡ ದೂರದಲ್ಲಿ ನಿಂತು ನನ್ನನ್ನು ನೋಡುತ್ತಿದ್ದ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. ಅದೂ ನನಗೆ ಅರ್ಥವಾಯಿತು.

ಅಣ್ಣ, ಅತ್ತಿಗೆ ನನ್ನ ಮನೆಗೇ ಬರುವುದೆಂದಾಯಿತು. ಡೊಂಬಿವಲಿ ಸ್ಟೇಷನ್ನಿನಲ್ಲಿ ಮೂರು ಟಿಕೆಟು ತೆಗೆದುಕೊಂಡೆ. ಪ್ಲಾಟ್‌ಫಾರ್ಮಿನಲ್ಲಿ ಸೂಟ್‌ಕೇಸಿನ ಮೇಲೆ ಕುಳಿತ ಅಣ್ಣ ಬೆಳಗಿನಿಂದ ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದ.

"ಮೂವತ್ತು ವರ್ಷ ನಿಂತಿತ್ತು ಶಶಿ. ನೀನು ನೋಡದಿದ್ರೆ ಇವತ್ತು ನಾನು ನನ್ನ ಮನೆಯಲ್ಲಿರ್ತಿದ್ದೆ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಬೆಳಗಿನಿಂದ ಕಂಡದ್ದೆಲ್ಲಕ್ಕಿಂತ ಆ ಮಾತೇ ಹೆಚ್ಚು ನಾಟಿತು.

ಅತ್ತಿಗೆ ಮಿಕ್ಸಿಯ ಚೀಲವನ್ನು ಕೆಳಗಿಟ್ಟರು. "ಮತ್ತೆ ನಾನು? ನಾನು ಎಲ್ಲಿರ್ತಿದ್ದೆ?" ಎಂದು ಕೇಳಿದರು. ದನಿ ಏರಿಸಲಿಲ್ಲ. ಅಣ್ಣ ಗಾಡಿ ಬರುವ ಕಡೆಗೆ ತಿರುಗಿದ.

ಗಾಡಿಯಲ್ಲಿ ಭಾನುವಾರದ ರಶ್ಶು. ಸಾಮಾನಿನ ದೆಸೆಯಿಂದ ಮೂವರೂ ಜನರಲ್ ಡಬ್ಬಿಗೇ ಹತ್ತಿದೆವು. ದಿವಾ ಸ್ಟೇಷನ್ನಿನಲ್ಲಿ ಕೆಲವರು ಇಳಿದು ಅಣ್ಣನಿಗೂ ಅತ್ತಿಗೆಗೂ ಸೀಟು ಸಿಕ್ಕಿತು. ಮುಂಬ್ರಾದ ಗುಡ್ಡ ಕತ್ತಲಾಗುತ್ತಿತ್ತು, ಅದರ ಬುಡದ ಮನೆಗಳಲ್ಲಿ ದೀಪ ಹತ್ತಿದ್ದವು. ಅವುಗಳ ಹಿಂದಿನ ಗೋಡೆಗಳು ಹೇಗಿವೆಯೋ ಎಂದು ನೋಡದೆ ಇರಲು ನನ್ನಿಂದಾಗಲಿಲ್ಲ.

"ಆ ವಿಡಿಯೋ ಕೊಡು," ಎಂದು ಅಣ್ಣ ಕೈಚಾಚಿದ.

ಕೊಟ್ಟೆ. ಬಿರುಕು, ಕಂಬ ಬರುವವರೆಗೆ ಅವನು ಹೋಗಲೇ ಇಲ್ಲ. ಅತ್ತಿಗೆ ತಲೆಯೆತ್ತಿ ಕೈಬೀಸುವಲ್ಲಿಗೆ ನಿಲ್ಲಿಸಿದ. ಮತ್ತೆ ಮೊದಲಿನಿಂದ ಹಾಕಿದ, ಮತ್ತೆ ಅಲ್ಲಿಯೇ ನಿಲ್ಲಿಸಿದ. ಅತ್ತಿಗೆ ಬಗ್ಗಿ ನೋಡಿ, "ಅಯ್ಯೋ, ಆ ಹರಕು ನೈಟಿ. ಊರಿಗೆಲ್ಲ ತೋರ್ಸಿದ್ದಾಯ್ತಾ? ಅಳಿಸಿ ಬಿಡಿ ಅದನ್ನ," ಎಂದರು.

ಅಣ್ಣ ಅಳಿಸಲಿಲ್ಲ. ಫೋನನ್ನು ನನ್ನ ಕಡೆ ಹಿಡಿದು ತೋರಿಸಿದ. ನಾನು ಅದನ್ನು ಕಂಡೇ ಇಲ್ಲವೇನೋ ಎಂಬಂತೆ.

"ಇವಳ ಕಾಲಿನ ಕೆಳಗೆ ಎಂತ ಇರ್ಲಿಲ್ಲ ಮಾರಾಯ್ತಿ," ಎಂದ. "ಎಂತ ಇರ್ಲಿಲ್ಲ."

ಅತ್ತಿಗೆ ಅವನ ಕೈಯಿಂದ ಫೋನು ತೆಗೆದು ನನಗೆ ಕೊಟ್ಟರು. ಮಿಕ್ಸಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, "ಏಳಿ," ಎಂದರು. "ಠಾಣೆ ಬಂತು."