ಸುಮ್ಮನೆ ಹೊರಟು ಬಂದೆವು

ಗೆಳೆಯರೇ, ಇವತ್ತು ನನ್ನ ನಾಲ್ಕು ವರ್ಷದ ಮಗಳು ಒಂದಿಡೀ ವಿಮಾನದ ಜನರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

ಅಪ್ಪನ ದಿನಕರ್ಮ ಮುಗಿಸಿ ಬೆಳಿಗ್ಗೆ ಸಂಡೂರಿನಿಂದ ಹೊರಡುವಾಗ ಅವಳು, "ಅಜ್ಜೀ, ಹೋಗಿ ಬರ್ತೀವಿ" ಎಂದಳು. ದೊಡ್ಡಮ್ಮ ತಟ್ಟನೆ ಅವಳ ಬಾಯಿ ಮುಚ್ಚಿದರು. "ಶ್! ಸಾವಾದ ಮನ್ಯಾಗ ಹಂಗ ಅನ್ನಬಾರ್ದವ್ವಾ. ಸುಮ್ನ ಹೋಗ್ಬೇಕು."

ತೋರಣಗಲ್ಲಿನಲ್ಲಿ ವಿಮಾನ ಹತ್ತಿ ಬೆಂಗಳೂರಿನಲ್ಲಿ ಇಳಿಯುವಾಗ ಗಗನಸಖಿ, "ಬೈ ಪುಟ್ಟಿ, ಮತ್ತೆ ಬನ್ನಿ" ಎಂದು ಕೈಬೀಸಿದಳು. ಮಗಳು ಅಲ್ಲೇ ನಿಂತು ತುಟಿಯ ಮೇಲೆ ಬೆರಳಿಟ್ಟಳು. "ಶ್! ಹಂಗ ಅನ್ನಬಾರ್ದು. ನಮ್ಮಜ್ಜ ಸತ್ತಾನ."

"ಜಲ್ದಿ ನಡೀರಿ" ಎಂದು ಹಿಂದಿನವರೊಬ್ಬರು ಗೊಣಗಿದರು. ನಾನು ಅವಳನ್ನು ಎತ್ತಿಕೊಂಡು ಇಳಿದೆ.

ಹೇಳದೇ ಹೊರಟರೆ ಅಪ್ಪ ಬಸ್‌ಸ್ಟ್ಯಾಂಡಿನವರೆಗೂ ಬಂದು ಬೈಯುತ್ತಿದ್ದರು. ಇವತ್ತು ಹೇಳದೇ ವಿಮಾನವನ್ನೇ ಹತ್ತಿ ಬಂದಿದ್ದೇನೆ. ಬೈಯಲು ಯಾರೂ ಬರಲಿಲ್ಲ.