ಸ್ಲ್ಯಾಬ್ ಒಡೆದ ಮಧ್ಯಾಹ್ನ

"ಅಕ್ಕಾ, ಬಚ್ಚಲದಾಗಿಂದ ನೀರು ಮ್ಯಾಲ ಬರ್ಲಾಕತ್ತದ್ರೀ!"

ಕೆಳಗಿನಿಂದ ಶರಣಮ್ಮ ಕೂಗಿದಾಗ ನಾನು ಆಫೀಸ್ ಕಾಲ್‌ನಲ್ಲಿದ್ದೆ. ಮಳೆ ಇನ್ನೂ ಜೋರಾಗಿಯೇ ಸುರಿಯುತ್ತಿತ್ತು. ಲ್ಯಾಪ್‌ಟಾಪ್ ಹಾಗೇ ಬಿಟ್ಟು ಓಡಿದೆ.

ನಮ್ಮದು ಚಿಕ್ಕಬಾಣಾವರ. ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದ ಅರ್ಧ ಭಾಗದಲ್ಲಿ ಈಗ ಬಾಡಿಗೆ ರೂಮುಗಳಿವೆ. ಮೇಲೆ ನಾವು, ಕೆಳಗೆ ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು.

ಶರಣಮ್ಮ ಯಾದಗಿರಿ ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಅವತ್ತು ಮಗಳಿಗೆ ಜ್ವರವೆಂದು ರಜೆ ಹಾಕಿದ್ದಳು.

ರೂಮಿನಲ್ಲಿ ಮೊಣಕಾಲಿನವರೆಗೆ ಕಪ್ಪು ನೀರು. ಮಗುವನ್ನು ಅಡುಗೆ ಕಟ್ಟೆಯ ಮೇಲೆ, ಒಲೆಯ ಪಕ್ಕ ಕೂರಿಸಿದ್ದಳು. ಅದು ಅಳುತ್ತಲೂ ಇರಲಿಲ್ಲ, ತನ್ನ ಚಪ್ಪಲಿ ತೇಲುವುದನ್ನು ನೋಡುತ್ತಿತ್ತು.

ಎತ್ತಿಕೊಂಡು ಮೇಲಕ್ಕೆ ಒಯ್ದೆ. ಮೈ ಕಾದ ಹಂಚಿನಂತಿತ್ತು...

ಮನೆಯ ಮುಂದೆ ಕೆರೆಗೆ ಹೋಗುವ ಮಳೆನೀರಿನ ಕಾಲುವೆ ಇದೆ. ನೀರಿನ ಟ್ಯಾಂಕರ್ ಒಳಗೆ ಬರಲಿ ಎಂದು ಅದರ ಮೇಲೆ ನಾವೇ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಿದ್ದೆವು. ಬೀದಿಯಲ್ಲಿ ಎಲ್ಲರೂ ಹಾಕಿಸಿದ್ದಾರೆ. ಈಗ ಅದರ ಕೆಳಗೆ ಕಸ ಸಿಕ್ಕಿಕೊಂಡು ನೀರು ಬಚ್ಚಲಿನ ಪೈಪಿನಲ್ಲಿ ಹಿಂದಕ್ಕೆ ತಿರುಗಿತ್ತು.

ಪಕ್ಕದ ಸೈಟಿನಲ್ಲಿ ಪಾಯ ತೋಡಲು ಬಂದಿದ್ದ ಜೆಸಿಬಿ ನಿಂತಿತ್ತು. ಸ್ಲ್ಯಾಬ್ ಒಡೆಯಲು ಡ್ರೈವರನ್ನು ಕರೆದೆ. ಅವನು ಬಂದವನೇ, ಅಂಗಳಕ್ಕೆ ಇಳಿದು ಬಂದಿದ್ದ ಮಾವನವರ ಮುಖ ನೋಡಿದ.

"ಇದನ್ನ ಒಡೆದಾಕಿದ್ರೆ ನಾಳೆಯಿಂದ ಟ್ಯಾಂಕರ್ ಎಂಗಮ್ಮಾ ಬತ್ತದೆ? ಇಷ್ಟು ಜನಕ್ಕೆ ನೀರು ಎಲ್ಲಿಂದ ತರಾನ?"

ಮಾವ ಕೇಳಿದ್ದು ತಪ್ಪೇನಲ್ಲ. ನಮ್ಮ ಬೋರ್‌ವೆಲ್ ಬತ್ತಿ ವರ್ಷಗಳೇ ಆಗಿವೆ.

"ಮಾವ, ಈಗ ಈ ನೀರು ಎಲ್ಲಿಗ್ ಹೋಗ್ಬೇಕು ಹೇಳಿ."

ಅವರು ಒಡೆ ಎಂಬಂತೆ ಡ್ರೈವರ್ ಕಡೆಗೆ ಕೈ ಆಡಿಸಿದರು.

ಸ್ಲ್ಯಾಬ್ ಮುರಿದದ್ದೇ ತಡ, ನೀರು ನುಗ್ಗಿ ಹರಿಯಿತು. ರೂಮಿನ ನೀರು ಇಳಿಯತೊಡಗಿತು. ನಾವು ಉಸಿರು ಬಿಡುವಷ್ಟರಲ್ಲಿ ಕೆಳಗಿನ ಬೀದಿಯಿಂದ ಕೂಗಾಟ.

"ಏನ್ರೀ ಮಾಡ್ಬಿಟ್ರಿ? ನಮ್ ಬೇಸ್‌ಮೆಂಟ್ ತುಂಬೋಯ್ತು, ಗಾಡಿಗಳೆಲ್ಲಾ ಮುಳುಗೋದ್ವು!"

ಆ ಬೀದಿಯವರು ಕಾಲುವೆಯನ್ನೇ ಒಂದು ಪೈಪಿನಷ್ಟು ಕಿರಿದು ಮಾಡಿದ್ದಾರೆ. ಆದರೆ ಕಾಲುವೆ ಮುಚ್ಚಿದವರಲ್ಲಿ ನಾವೂ ಇದ್ದೆವು.

ಮಗು ಈಗ ಹುಷಾರಾಗಿದೆ. ಟ್ಯಾಂಕರ್ ಮುಖ್ಯರಸ್ತೆಯಲ್ಲೇ ನಿಲ್ಲುತ್ತದೆ, ನಾವು ಪೈಪು ಎಳೆದುಕೊಳ್ಳುತ್ತೇವೆ.

ನನ್ನ ದಿಗಿಲು ಬೇರೆ. ಹೊಲದ ಉಳಿದ ಅರ್ಧ ಭಾಗ, ನಮ್ಮ ಮನೆಗಿಂತ ಮೇಲಕ್ಕಿದೆ. ದಿಣ್ಣೆಯಿಂದ ಇಳಿಯುವ ಮಳೆನೀರು ಅಲ್ಲಿ ನಿಂತು, ಇಂಗಿ, ಉಳಿದದ್ದಷ್ಟೇ ಕಾಲುವೆಗೆ ಬರುತ್ತದೆ. ಅದನ್ನು ಲೇಔಟ್ ಮಾಡುವ ಮಾತುಕತೆ ಮುಗಿಯುತ್ತಾ ಬಂದಿದೆ. ಅಲ್ಲೂ ಕಾಂಕ್ರೀಟ್ ಬಿದ್ದರೆ...

ನಿನ್ನೆ ಬ್ರೋಕರ್ ಬಂದಿದ್ದ. ಮಾವ ಬೇಡ ಎನ್ನಲಿಲ್ಲ. "ಮಳೆಗಾಲ ಮುಗೀಲಿ ತಡಿಯಪ್ಪ" ಎಂದರು, ಅಷ್ಟೇ.

ಬಾಗಿಲಲ್ಲಿ ನಿಂತಿದ್ದ ಶರಣಮ್ಮ ಅದನ್ನು ಕೇಳಿಸಿಕೊಂಡಳು. ಅವನು ಹೋದ ಮೇಲೆ ನನ್ನ ಹತ್ತಿರ ಬಂದಳು.

"ನಮ್ಮೂರಿನವ್ರು ಇನ್ನಾ ಎರಡು ಮನಿಯವ್ರು, ಆ ಹೊಲದಾಗ ರೂಮು ಆದ್ರ ಬೇಕು ಅನ್ಲಾಕತ್ತಾರ. ಬರ್ರಿ ಅನ್ಲೇನ್ರೀ ಅಕ್ಕಾ, ಬ್ಯಾಡ ಅನ್ಲಿ?"

ಇದನ್ನು ಬರೆಯುವಾಗ ಮತ್ತೆ ಮೋಡ ಕವಿಯುತ್ತಿದೆ.

ನನ್ನ ಜಾಗದಲ್ಲಿ ನೀವಿದ್ದಿದ್ದರೆ ಶರಣಮ್ಮನಿಗೆ ಏನು ಹೇಳುತ್ತಿದ್ದಿರಿ?